ಅಜ್ಜಿಯ ಕೇಕ್ ಮತ್ತು ನಾನೂರ ಎಪ್ಪತ್ತೊಂದು

ಗೆಳೆಯರೇ, ಕೇಕಿಗೆ ಹಾಕುವ ಜೆಲ್ಲಿನ ಡಬ್ಬಿಯ ಮೇಲೆ ಎಮಲ್ಸಿಫೈಯರ್ 471 ಎಂದಷ್ಟೇ ಬರೆದು, ಎಣ್ಣೆಯದೋ ಪ್ರಾಣಿಕೊಬ್ಬಿನದೋ ಹೇಳದಿರುವುದು ಅನ್ಯಾಯ. ಸಂಶಯವಿದ್ದರೆ ನಮ್ಮ ಜೈನ ಅಜ್ಜಿ ತನ್ನ ಹುಟ್ಟುಹಬ್ಬದ ಮೊಟ್ಟೆಯಿಲ್ಲದ ಕೇಕನ್ನೂ ಮುಟ್ಟುವುದಿಲ್ಲ. ಇಂದು ಚಿಕ್ಕೋಡಿಯ ಬೇಕರಿಯಲ್ಲಿ ಅಜ್ಜಿಯ ಎದುರೇ ಜಗಳ ತೆಗೆದೆ.

"ಹಸಿರು ಚುಕ್ಕಿ ಐತಲ್ಲೋ ತಮ್ಮಾ! ವಿಷಾನೂ ಅಲ್ಲ. ಎಣ್ಣಿ-ನೀರು ಕೂಡಸ್ತೈತಿ, ಕೇಕ್ ಮೆತ್ತಗಿಡ್ತೈತಿ. ಹಾಕದಿದ್ರ ನಾಳೆ ಒಣಗ್ತೈತಿ," ಎಂದರು ಬೇಕರಿ ಮಾಮಾ.

ಅಜ್ಜಿ ನಕ್ಕಳು. "ಹೊತ್ತು ಮುಳುಗಿದ ಮ್ಯಾಲೆ ನಾವು ತಿನ್ನಂಗಿಲ್ಲ, ಮರುದಿನ ತಂಗಳಾ ಮುಟ್ಟಂಗಿಲ್ಲ. ನಾಳಿ ಚಿಂತಿ ಯಾಕಪಾ?"

ಮಾಮಾ ಕೈಮುಗಿದು, ಅದಿಲ್ಲದೆಯೇ ಮಾಡಿಕೊಡಲು ಒಪ್ಪಿದರು. ಅವರಿಗೆ ನಾನು ಋಣಿ. 471ರ ವಿರುದ್ಧ ಹಂಚಲೆಂದು ಒಯ್ದಿದ್ದ ನನ್ನ ಕರಪತ್ರಗಳು ಚೀಲದಲ್ಲೇ ಉಳಿದವು. ಹೊತ್ತು ಮುಳುಗಿದ ಮೇಲೆ ಮನೆಗೆ ಬಂದವರಿಗೆ ಅವೇ ಸಿಗುತ್ತವೆ, ಕೇಕ್ ಅಲ್ಲ. ಕೇಕ್ ಬೇಕಿದ್ದರೆ ಅಜ್ಜಿಯ ಹುಟ್ಟುಹಬ್ಬಕ್ಕೆ ನಮ್ಮ ಮನೆಗೆ ಬನ್ನಿ, ಭಾನುವಾರ ಸಂಜೆ ನಾಲ್ಕಕ್ಕೆ.