ಎಡಗೈಗೆ ಸಿಕ್ಕ ರಿಂಗು

ಹಿಂದಿ ಸೀಮೆಯ ಈ ಪೀತಮ್‌ಪುರದ ಮೂರನೇ ಮಹಡಿಯ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ನನ್ನ ಮಗಳು ಕೆಳಗಿನ ಪಾರ್ಕಿಗೆ ಆಡಲು ಹೋದದ್ದು ಒಂದೇ ಸಲ. ಬ್ಯಾಡ್ಮಿಂಟನ್‌ಗೆ ಸೇರಿಸಿಕೊಂಡಿದ್ದರು, ಒಂದು ಶಟಲ್ ಕಾಕೂ ಇವಳ ರ‍್ಯಾಕೆಟ್ಟಿಗೆ ತಾಗಲಿಲ್ಲ. ಮಕ್ಕಳು ನಕ್ಕರು. ಅಂದಿನಿಂದ ಹನ್ನೊಂದು ವರ್ಷದ ಹುಡುಗಿ ಸಂಜೆಯಾದರೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆಗಳ ಮರೆಯಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು. ಹೋಗೇ ಅಂದರೆ, "ನಂಗೇನೂ ಆಡೋಕೆ ಬರಲ್ಲ ಅಮ್ಮಾ, ಬಿಡು, ರೆಹನೇ ದೋ" ಅನ್ನುವಳು.

"ಬಿಡೇ, ಎಲ್ರೂ ಆಡ್ಲೇಬೇಕು ಅಂತೇನಿದೆ?" ಎಂದು ನನ್ನವರು ಪೇಪರಿನ ಹಿಂದಿನಿಂದ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಟ ಬರದಿದ್ದರೆ ಹಾಳಾಗಿಹೋಗಲಿ, ಮಾತಾಡಲು ಒಬ್ಬ ಗೆಳತಿಯಾದರೂ ಬೇಡವೇ? ಹುಡುಗಿ ಹೀಗೇ ಮೂಲೆ ಸೇರಿಬಿಟ್ಟರೆ ಅನ್ನುವ ಭಯ ನನ್ನನ್ನು ಹಗಲೆಲ್ಲ ತಿನ್ನುತ್ತಿತ್ತು.

ಹಾಸನದ ಹೈಸ್ಕೂಲಿನಲ್ಲಿ ನಾನು ಟೆನಿಕಾಯ್ಟ್ ಆಡಿದವಳು. ಒಂದು ರಬ್ಬರ್ ರಿಂಗು, ಒಂದು ಹಗ್ಗ, ಅಷ್ಟಿದ್ದರೆ ಸಾಕು. ಕಲಿಯಲು ಹತ್ತು ನಿಮಿಷ. ಆದರೆ ಇಲ್ಲಿನ ಅಂಗಡಿಯಲ್ಲಿ ಕೇಳಿದರೆ ಅಂಗಡಿ ಭಯ್ಯಾ ಸೊಂಟಕ್ಕೆ ಹಾಕಿ ತಿರುಗಿಸುವ ದೊಡ್ಡ ಬಳೆ ತಂದು ತೋರಿಸಿದ! ಕೊನೆಗೆ ಡಿಸೆಂಬರಿನಲ್ಲಿ ಬಂದ ನನ್ನ ತಮ್ಮ ಊರಿನಿಂದ ಎರಡು ರಿಂಗು ತಂದುಕೊಟ್ಟ.

ಮುಂದಿನ ಭಾನುವಾರ ಬಿಸಿಲೇರಿದ ಮೇಲೆ ಪಾರ್ಕಿನ ಬೇವಿನ ಮರಕ್ಕೂ ದೀಪದ ಕಂಬಕ್ಕೂ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದೆ. ಕಾಣಲಿ ಎಂದು ಹಳೆಯ ದುಪಟ್ಟಾ ಇಳಿಬಿಟ್ಟೆ. ಕೆಳಮನೆಯ ಪಂಜಾಬಿ ಆಂಟಿ ರಿಂಗನ್ನು ತಿರುಗಿಸಿ ನೋಡಿ, "ಯೇ ಸ್ಕೂಟರ್ ಕಾ ಕೌನ್‌ಸಾ ಪಾರ್ಟ್ ಹೈ ಜೀ?" ಅಂದರು. ಸ್ಕೂಟರಿನ ಬಿಡಿಭಾಗ ಅಂದುಕೊಂಡಿದ್ದರು. ಒಂದೇ ಕೈಯಲ್ಲಿ ಹಿಡಿಯಬೇಕು, ಮೈಗೆ ತಾಗಬಾರದು, ಹಿಡಿದ ತಕ್ಷಣ ಭುಜಕ್ಕಿಂತ ಕೆಳಗಿನಿಂದ ಎಸೆಯಬೇಕು, ಇಷ್ಟು ಹೇಳಿದೆ. ಐದು ನಿಮಿಷಕ್ಕೆ ಆಂಟಿ ಸಲ್ವಾರ್ ಏರಿಸಿಕೊಂಡು ಜಿಗಿಯತೊಡಗಿದರು. ಪಾರ್ಕಿನ ಮಕ್ಕಳೂ ಸೇರಿಕೊಂಡರು, ಆದರೂ ಆಚೆ ಬದಿಗೆ ಒಬ್ಬರು ಕಮ್ಮಿಯಿದ್ದರು. ರಿಂಗು ಹೆಕ್ಕಿಕೊಡು ಸಾಕು ಎಂದು ಪುಸಲಾಯಿಸಿ ತಂದಿದ್ದ ಮಗಳನ್ನು ಅಲ್ಲಿ ನಿಲ್ಲಿಸಿದೆ.

ಮೊದಲ ಎಸೆತ ಅವಳ ಬಲಗೈಯಿಂದ ಜಾರಿತು. ಎರಡನೆಯದೂ ಜಾರಿತು. ಮೂರನೆಯದು ಬಿದ್ದಾಗ ಯಾರೋ ಕಿಸಕ್ಕೆಂದರು. ಅಯ್ಯೋ ದೇವರೇ, ಯಾಕಾದರೂ ಕರೆತಂದೆನೋ ಅನ್ನಿಸಿತು.

ನಾಲ್ಕನೆಯದು ಅವಳ ಎಡಕ್ಕೆ ಬಂತು. ಎಡಗೈ ತಾನಾಗಿ ಮೇಲೆದ್ದು ರಿಂಗನ್ನು ಗಾಳಿಯಲ್ಲೇ ಕಿತ್ತುಕೊಂಡಿತು, ಅದೇ ವೇಗದಲ್ಲಿ ತಿರುಗಿಸಿ ಎಸೆಯಿತು. ಆಂಟಿ ಓಡಿ ಬರುವಷ್ಟರಲ್ಲಿ ರಿಂಗು ಮೂಲೆಯಲ್ಲಿ ಬಿದ್ದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇವಳು ಮಾತ್ರ ನನ್ನ ಮುಖ ನೋಡಿ, ಎಡಗೈಯನ್ನು ಗಬಕ್ಕನೆ ಬೆನ್ನ ಹಿಂದೆ ಬಚ್ಚಿಟ್ಟಳು.

ಮಗು ಮೂರು ವರ್ಷದ್ದಿದ್ದಾಗ ಎಡಗೈಗೆ ಚಮಚ ಹೋದರೆ ಚಟ್ಟನೆ ಹೊಡೆದವಳು ನಾನೇ. "ಎಡಗೈಲಿ ಯಾರಾದ್ರೂ ಪ್ರಸಾದ ಇಸ್ಕೋತಾರೇನೇ?" ಎಂದು ದೇವಸ್ಥಾನದಲ್ಲಿ ಎಲ್ಲರೆದುರು ಗದರಿದವಳೂ ನಾನೇ. ಒಂದನೇ ಕ್ಲಾಸಿಗೆ ಬರುವಷ್ಟರಲ್ಲಿ ಅವಳು ಬಲಗೈಯಲ್ಲೇ ಬರೆಯುತ್ತಿದ್ದಳು. ತಿದ್ದಿದೆ ಎಂದು ನೆಂಟರ ಮುಂದೆ ಜಂಭ ಕೊಚ್ಚಿಕೊಂಡಿದ್ದೆ. ಆಟ ಬಾರದ ಹುಡುಗಿಯಲ್ಲ ಅವಳು. ಆಡುವ ಕೈಯನ್ನೇ ನಾನು ಕಟ್ಟಿಹಾಕಿದ್ದೆ.

ನನ್ನ ಗಂಟಲು ಮೊದಲೇ ಜೋರು. ಇಡೀ ಪಾರ್ಕ್ ಬೆಚ್ಚುವಂತೆ ಕೂಗಿದೆ: "ಎಡಗೈಲೇ ಹಿಡಿಯೇ! ಎಡಗೈಲೇ ಎಸಿ!"

"ಸಚ್ಚೀ, ಅಮ್ಮಾ?"

"ಸಚ್ಚೀ ಕಣೇ, ನಿಜವಾಗ್ಲೂ!"

ಆಮೇಲೆ ಆಂಟಿಯ ಪಾಡು ಕೇಳಬೇಡಿ. ಮಗಳು ಎಡಕ್ಕೂ ಬಲಕ್ಕೂ ಓಡಿಸಿ ಓಡಿಸಿ ಅವರಿಗೆ ಏದುಸಿರು ಬರಿಸಿದಳು. ನಕ್ಕಿದ್ದ ಹುಡುಗಿಯರೇ, "ಯೇ ಹಮಾರೀ ಟೀಮ್ ಮೇ!" ಎಂದು ತಮ್ಮ ತಮ್ಮ ತಂಡಕ್ಕೆ ಅವಳ ಕೈ ಎಳೆದಾಡಿದರು. ನಾನು ಬೆಂಚಿನ ಮೇಲೆ ಕುಸಿದು ಕೂತೆ. ಎಂಟು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದಿತ್ತು.

ಊಟಕ್ಕೆಂದು ಮೆಟ್ಟಿಲು ಹತ್ತುವಾಗ ಅವಳು ನಡುವೆ ನಿಂತಳು. "ಅಮ್ಮಾ, ಎಡಗೈನ ಮನೇಲೂ ಯೂಸ್ ಮಾಡ್ಬಹುದಾ, ಅಥವಾ ಸಿರ್ಫ್ ಪಾರ್ಕಲ್ಲಾ?"

"ಎಲ್ಲಾ ಕಡೆ, ಪುಟ್ಟಾ" ಅಂದೆ.

ಅಷ್ಟರಲ್ಲಿ ಕೆಳಗಿನಿಂದ ಹುಡುಗಿಯರು ಕೂಗಿದರು. ಅವಳು ನನ್ನನ್ನು ಒಂದು ಮಾತೂ ಕೇಳದೆ ತಿರುಗಿ ದಡದಡ ಇಳಿದುಹೋದಳು. ನಾನು ಅದೇ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ. ಅಬ್ಬಾ, ಎಷ್ಟು ಹಗುರಾಯಿತು.