ಕನ್ನಡಿಯಲ್ಲಿ ಕಂಡ ಕಣ್ಣು

ಕಾಪುವಿನಲ್ಲಿ ರಿಕ್ಷಾ ಓಡಿಸುತ್ತೇನೆ. ಒಂದು ದಿನ ಮೀನು ಮಾರುವ ಅಕ್ಕ ಒಬ್ಬರು ಹತ್ತಿದರು. ಕನ್ನಡಿಯಲ್ಲಿ ನೋಡಿದರೆ ಅವರ ಕಣ್ಣು ಹಳದಿ. ಮತ್ತೆ ಮತ್ತೆ ನೋಡಿದೆ.

"ಎಂತ ಅಣ್ಣ, ರಸ್ತೆ ನೋಡಿ!"

"ಅಕ್ಕ, ಕಣ್ಣು ಹಳದಿ ಉಂಟು. ಸ್ಕ್ಯಾನ್ ಮಾಡಿಸಿ."

"ಕಾಮಾಲೆ ಮಾರಾಯ್ರೆ. ನಾಟಿ ಮದ್ದು ಕುಡಿಯುತ್ತಿದ್ದೇನೆ."

"ನನ್ನ ಹೆಂಡತಿಗೂ ಕಾಮಾಲೆ ಅಂತಲೇ ಹೇಳಿದ್ದರು. ಲಿವರಿನಿಂದ ಪಿತ್ತ ಇಳಿಯುವ ನಾಳದಲ್ಲಿ ಕ್ಯಾನ್ಸರ್ ಇತ್ತು. ಹೋದಳು."

 "ಮಣಿಪಾಲ ಆಸ್ಪತ್ರೆಗೆ ತಿರುಗಿಸಿ" ಎಂದರು ಅಕ್ಕ.

ಅವರ ನಾಳದಲ್ಲಿ ಸಿಕ್ಕಿಕೊಂಡದ್ದು ಬರೀ ಕಲ್ಲು. ಡಾಕ್ಟರು ಅದನ್ನು ತೆಗೆದರು. ಸುದ್ದಿ ಕೇಳಿ ನನಗೂ ಉಸಿರು ಬಂತು.

ಮೊನ್ನೆ ಪುನಃ ಹತ್ತಿದವರು ಕನ್ನಡಿಯ ಕಡೆಗೆ ಬಗ್ಗಿದರು. "ಈಗ ಹೇಗುಂಟು ಕಣ್ಣು?"

"ಬೆಳ್ಳಗೆ ಉಂಟು ಅಕ್ಕ."

"ಹಾಗಾದರೆ ಇನ್ನಾದರೂ ರಸ್ತೆ ನೋಡಿ."