ಕಣ್ಣಳತೆಯ ನೇರ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಲಿಫ್ಟನ್ನು ಎತ್ತಿಳಿಸುವ ಯಂತ್ರದೊಳಗೆ ತಿರುಗುವ ಉಕ್ಕಿನ ಶಾಫ್ಟುಗಳು ತಯಾರಾಗುತ್ತವೆ. ಅವು ನೆಟ್ಟಗಿವೆಯೇ ಎಂದು ನೋಡಿ ಪಾಸ್ ಮಾಡುವುದು ನನ್ನ ಕೆಲಸ. ಕೂದಲೆಳೆಯಷ್ಟು ಡೊಂಕಿದ್ದರೂ ಮುಳ್ಳು ಓಲಾಡಿ ತೋರಿಸುವ ಡಯಲ್ ಗೇಜ್ ಇಟ್ಟೇ ನೋಡಬೇಕೆಂಬುದು ನಿಯಮ. ನಾನು ಮಾತ್ರ ಶಾಫ್ಟಿನುದ್ದಕ್ಕೂ ಒಮ್ಮೆ ಕಣ್ಣಾಡಿಸಿ "ಓಕೆ" ಅನ್ನುತ್ತಿದ್ದೆ. ಕಣ್ಣಳತೆಯ ಬಗ್ಗೆ ನನಗೆ ಅಷ್ಟು ಜಂಬ.

ಮೊದಲ ಶಿಫ್ಟ್ ಮುಗಿಸಿ ಮಧ್ಯಾಹ್ನ ನಾನೂ ನಮ್ಮ ಲೇತ್ ಆಪರೇಟರ್ ಗೆಳೆಯನೂ ಬಾಗಲಗುಂಟೆಯ ಪೂಲ್ ಪಾರ್ಲರಿಗೆ ಹೋಗುತ್ತಿದ್ದೆವು. ಬಿಳಿ ಚೆಂಡಿಗೆ ಸೈಡ್ ಕೊಡುವುದನ್ನು, ಅಂದರೆ ಕೋಲಿನಿಂದ ಮಧ್ಯ ಬಿಟ್ಟು ಪಕ್ಕಕ್ಕೆ ಹೊಡೆದು ಬುಗುರಿಯಂತೆ ತಿರುಗಿಸುವುದನ್ನು, ಅವನು ಕಲಿಸುತ್ತಿದ್ದ. ಯಾವ ಪಕ್ಕಕ್ಕೆ ಹೊಡೆದರೆ, ಅಂಚಿಗೆ ಬಡಿದ ಚೆಂಡು ಆ ಪಕ್ಕಕ್ಕೇ ಹೊರಳಿ ಬರುತ್ತದೆ.

"ಮೊದ್ಲು ಮಧ್ಯಕ್ಕೆ ಗುರಿ ಇಡು. ಮುಂದಿನ್ ಕೈ ಅಲ್ಲಾಡ್ಬಾರ್ದು. ಎಡಕ್ಕೆ ಸೈಡ್ ಬೇಕಾ, ಹಿಂದಿನ್ ಕೈನ ಒಂಚೂರು ಬಲಕ್ಕೆ ತಗೋ, ಅಷ್ಟೇ."

ನಾನು ಬಲಕ್ಕೆ ಸೈಡ್ ಕೊಟ್ಟೆ. ಚೆಂಡು ಎದುರಿನ ಅಂಚಿಗೆ ಬಡಿದು ನೆಟ್ಟಗೆ ವಾಪಸ್ ಬಂತು. ಸೈಡೇ ಬೇಡವೆಂದು ನಟ್ಟನಡುವೆ ಹೊಡೆದರೆ ಎಡಕ್ಕೆ ತಿರುಗಿ ಬಂತು. ಮತ್ತೆ ಹೊಡೆದೆ, ಮತ್ತೆ ಎಡಕ್ಕೇ.

"ಟೇಬಲ್ ವಾಲಿದೆ ಕಣೋ," ಅಂದೆ.

"ಕುಣಿಯಕ್ ಬಾರ್ದೋಳು ನೆಲ ಡೊಂಕು ಅಂದ್ಲಂತೆ!" ಎಂದು ನಕ್ಕು ತಾನು ಹೊಡೆದ. ಚೆಂಡು ಅವನ ಕೋಲಿನ ತುದಿಗೇ ಮರಳಿತು. ನಾನು ಟೇಬಲ್ಲಿನ ಆ ತುದಿಗೆ ಹೋಗಿ ಹೊಡೆದೆ. ವಾಲಿದ್ದರೆ ಈಗ ಬಲಕ್ಕೆ ಬರಬೇಕು. ಆಗಲೂ ಎಡಕ್ಕೇ ಬಂತು.

ಅವನ ನಗು ನಿಂತಿತು. "ಮಧ್ಯಕ್ಕೆ ಇಟ್ಟು ಹಂಗೇ ಇರು, ಹೊಡೀಬೇಡ," ಎಂದು ಎದುರು ನಿಂತು ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದ. ಫೋಟೋದಲ್ಲಿ ಕೋಲಿನ ತುದಿ ಚೆಂಡಿನ ಒಂದು ಪಕ್ಕಕ್ಕಿತ್ತು. ಕೈ ಕದಲಿಸದೆ ಮತ್ತೆ ಚೆಂಡನ್ನು ನೋಡಿದೆ. ನನ್ನ ಕಣ್ಣಿಗೆ ತುದಿ ನಟ್ಟನಡುವೆಯೇ ಇತ್ತು.

"ಮಗಾ, ಶಾಫ್ಟ್‌ಗಳ್ನ ಗೇಜ್ ಇಟ್ಟೇ ನೋಡ್ತೀಯ ತಾನೆ?" ಎಂದು ಅವನು ಮೆಲ್ಲಗೆ ಕೇಳಿದ.

ಮರುದಿನ ಗೇಜ್ ಇಟ್ಟೆ. ಹಿಂದಿನ ದಿನ ನಾನು ಪಾಸ್ ಮಾಡಿದ್ದ ನಾಲ್ಕರಲ್ಲಿ ಎರಡಕ್ಕೆ ಮುಳ್ಳು ಓಲಾಡಿತು. ಸೂಪರ್‌ವೈಸರಿಗೆ ಹೇಳಿದೆ, ಅವೆರಡನ್ನೂ ತೆಗೆದಿರಿಸಿದರು. ಅದಕ್ಕೂ ಹಿಂದಿನವು ಯಾವ ಯಾವ ಕಟ್ಟಡ ಸೇರಿವೆಯೋ ಅವರಿಗೂ ಗೊತ್ತಿರಲಿಲ್ಲ.

ಆ ಭಾನುವಾರ ವೈಟ್‌ಫೀಲ್ಡಿನಲ್ಲಿರುವ ತಂಗಿಯ ಮನೆಗೆ ಹೋದೆ. ಹನ್ನೊಂದನೇ ಮಹಡಿ. ಕೆಳಗೆ ಕಾಯುತ್ತಿದ್ದ ಅವಳ ಮಗಳು ನನ್ನನ್ನು ಕಂಡದ್ದೇ ಲಿಫ್ಟಿನೊಳಗೆ ಓಡಿ, ಬಟನ್ ಒತ್ತಿ ಹಿಡಿದು, "ಬೇಗ ಬನ್ನಿ ಮಾಮ," ಎಂದು ಕರೆದಳು.

ನಾನು ಅವಳ ಕೈ ಹಿಡಿದು ಹೊರಗೆಳೆದುಕೊಂಡೆ.